ಹಾಟ್ ರಾಡಿನ ನಡು ಬಾಗುತ್ತಿದೆ, ಗಾಲಿ ಉಜ್ಜುತ್ತಿದೆ: ಅಂಟು ಹಚ್ಚಬೇಕೇ?

ಗದಗ-ಬೆಟಗೇರಿಯ ಓದುಗರೊಬ್ಬರ ಪ್ರಶ್ನೆ:

“ನಮಸ್ಕಾರ ರೀ ಸರ್. ನನ್ನ ಮಗ ಒಂಬತ್ತನೇ ಇಯತ್ತೆ. ಅವನ ಸೋದರಮಾವ ಕೊಟ್ಟ ಲೆಗೊ, ಹುಬ್ಬಳ್ಳಿ ದುರ್ಗದಬೈಲಿನಾಗ ತಂದ ಬಿಡಿ ಬ್ಲಾಕ್ಸ್ ಎರಡೂ ಕೂಡಿಸಿ ಒಂದು ಹಾಟ್ ರಾಡ್ ಕಾರು ಮಾಡ್ಯಾನ. ಪುಸ್ತಕ ನೋಡಿ ಅಲ್ಲ, ಫೋಟೋ ನೋಡಿ ತಾನ ಮಾಡಿದ್ದು. ಹಿಂದಿನ ಟೈರಿನ ಮ್ಯಾಲೆ 43.2 × 22 ಅಂತ, ಮುಂದಿನದರ ಮ್ಯಾಲೆ 30.4 × 14 ಅಂತ ಬರದೈತಿ. ಮೈ ಅಗಲ 8 ಸ್ಟಡ್ (ಬ್ಲಾಕಿನ ಮ್ಯಾಲಿನ ಗುಂಡಿ), ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 16 ಸ್ಟಡ್. ಅಡಿಗೆ ಪ್ಲೇಟ್, ಅಂದ್ರ ತೆಳು ಬ್ಲಾಕ್, ಅಷ್ಟ ಜೋಡಿಸ್ಯಾನ. ಗಾಡಿ ನಡುವ ಬಾಗತೈತಿ, ಹಿಂದಿನ ಗಾಲಿ ಮೈಗೆ ಉಜ್ಜತಾವ, ಎತ್ತಿದ್ರ ಇಂಜಿನ್ ಕೈಯಾಗ ಬರತೈತಿ. ಮ್ಯಾಲಾಗಿ ನೋಡಾಕ ಹಾಟ್ ರಾಡ್ ಅನಸೂದಿಲ್ಲ, ಜೀಪಿನಂಗ ಕಾಣತೈತಿ. ಬಾಜೂ ಮನಿಯವರು ಫೆವಿಕ್ವಿಕ್ ಹಚ್ಚ್ರಿ ಅಂತಾರ. ಇನ್ನೊಬ್ಬರು ತುಣುಕು ಕುದಿನೀರಿಗೆ ಹಾಕಿ ತಗದ್ರ ಬಿಗಿ ಆಗತಾವ ಅಂದ್ರು. ಡೂಪ್ಲಿಕೇಟ್ ಎಲ್ಲಾ ಒಗದು ಅಸಲಿ ತರಬೇಕೇನ್ರಿ? ಮುಂದಿನ ತಿಂಗಳ ಸಾಲ್ಯಾಗ ವಸ್ತುಪ್ರದರ್ಶನ ಐತಿ. ಅವಗ ಮೋಟಾರ್ ಹಚ್ಚೂದೂ ಐತಂತ. ಏನ್ ಮಾಡ್ಬೇಕ್ರಿ?”

ಉತ್ತರ:

ಅಕ್ಕಾರ, ನೀವು ಕಳಿಸಿದ ಅಳತೆಗಳಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಬಾಗುವುದು, ಉಜ್ಜುವುದು, ಇಂಜಿನ್ ಕಳಚುವುದು, ಜೀಪಿನಂತೆ ಕಾಣುವುದು ಬೇರೆಬೇರೆ ರೋಗಗಳಲ್ಲ. ಹುಡುಗ ಮೈಯನ್ನು ಮೊದಲು ಕಟ್ಟಿ ಗಾಲಿಯನ್ನು ಆಮೇಲೆ ಹಚ್ಚಿದ್ದಾನೆ, ಅಷ್ಟೇ. ಸಾದಾ ಕಾರಿನ ಮಾದರಿಯಲ್ಲಿ ಇದು ನಡೆದುಹೋಗುತ್ತದೆ. ಮಡ್‌ಗಾರ್ಡು, ಬಾನೆಟ್ಟು ತಪ್ಪನ್ನೆಲ್ಲ ಮುಚ್ಚಿಬಿಡುತ್ತವೆ. ಹಾಟ್ ರಾಡಿಗೆ (ವೇಗಕ್ಕೆಂದು ಬದಲಿಸಿ ಕಟ್ಟಿದ ಹಳೆಯ ಕಾರು) ಮಡ್‌ಗಾರ್ಡು ಇರುವುದಿಲ್ಲ, ಇಂಜಿನ್ ಬಯಲಲ್ಲೇ ಇರುತ್ತದೆ. ಹಾಗಾಗಿ ಚಾಸಿಯಲ್ಲಿ, ಅಂದರೆ ಅಡಿಯ ಚೌಕಟ್ಟಿನಲ್ಲಿ, ಆದ ತಪ್ಪು ನೇರ ಕಣ್ಣಿಗೆ ಹೊಡೆಯುತ್ತದೆ.

ಅಂಟಿನ ಮಾತನ್ನು ಮೊದಲು ಮುಗಿಸೋಣ. ಅದನ್ನು ಹಚ್ಚಿಬಿಟ್ಟರೆ ಮುಂದಿನ ಯಾವ ಸಲಹೆಯೂ ಉಪಯೋಗಕ್ಕೆ ಬರುವುದಿಲ್ಲ.

ಫೆವಿಕ್ವಿಕ್ ಜಾತಿಯ ಅಂಟು ಸೈನೊಅಕ್ರಿಲೇಟ್. ಅದು ಒಣಗುವಾಗ ಏಳುವ ಆವಿ ಸುತ್ತಲಿನ ಮೇಲ್ಮೈ ಮೇಲೆ ಬಿಳಿ ಮಸುಕಾಗಿ ಕೂಡುತ್ತದೆ. ಮುಂಗಾಜಿನ ಪಾರದರ್ಶಕ ತುಣುಕಿನ ಮೇಲೆ ಅದು ಬಂತೆಂದರೆ ಉಜ್ಜಿದರೂ ಹೋಗುವುದಿಲ್ಲ. ಅದು ಹಿಡಿಯುವುದು ಗಟ್ಟಿಯಾಗಿಯೇ, ಆದರೆ ಪೆಡಸಾಗಿ. ಗಾಡಿ ಒಮ್ಮೆ ಕೈಜಾರಿ ಬಿದ್ದರೆ ಅಂಟಿದ ಗೆರೆಯಲ್ಲೇ ಪಟ್ಟನೆ ಬಿಡುತ್ತದೆ, ಆಗ ಸ್ಟಡ್‌ನ ತಲೆಯೂ ಕಿತ್ತುಬರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಗಾಡಿ ಬಾಗುತ್ತಿರುವುದು ಜೋಡಣೆ ಸಡಿಲಾಗಿ ಅಲ್ಲ, ತೆಳುವಾದ ಪ್ಲೇಟೇ ಬಾಗುತ್ತಿದೆ. ಅಂಟು ಹಚ್ಚಿದರೆ ಬಾಗಿದ ಗಾಡಿ ಬಾಗಿದಂತೆಯೇ ಕಾಯಂ ಆಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಪೈಪಿನ ಸಾಲ್ವೆಂಟ್ ಸಿಮೆಂಟು, ನೇಲ್ ಪಾಲಿಶ್ ತೆಗೆಯುವ ಅಸಿಟೋನ್, ಪೇಂಟ್ ಥಿನ್ನರ್ ಇವನ್ನಂತೂ ಹತ್ತಿರ ತರಬೇಡಿ. ಲೆಗೊ ಇಟ್ಟಿಗೆಯ, ಅಂದರೆ ಬ್ಲಾಕಿನ, ಪ್ಲಾಸ್ಟಿಕ್ ಎಬಿಎಸ್; ಅಸಿಟೋನ್ ಅದನ್ನು ಕರಗಿಸುತ್ತದೆ.

ಕುದಿನೀರಿನದು ಶುದ್ಧ ತಪ್ಪು ತಿಳಿವಳಿಕೆ. ಎಬಿಎಸ್ ಸುಮಾರು 100 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಕುದಿನೀರಿನಿಂದ ತೆಗೆದ ತುಣುಕು ಸೊಟ್ಟಾಗಿರುತ್ತದೆ. ಸೊಟ್ಟಾದದ್ದು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಆ ಬಿಗಿಯನ್ನು ನೋಡಿಯೇ ಜನ ಗುಣ ಬಂತು ಅನ್ನುತ್ತಾರೆ. ಲೆಗೊ ಕಂಪನಿಯೇ 40 ಡಿಗ್ರಿಗಿಂತ ಬಿಸಿ ನೀರು ಬೇಡ ಅನ್ನುತ್ತದೆ. ಇದರಲ್ಲಿ ಒಂದು ಸತ್ಯದ ಎಳೆ ಇಲ್ಲದಿಲ್ಲ: ತೊಳೆದರೆ ಹಿಡಿತ ಸುಧಾರಿಸುತ್ತದೆ. ಕಾರಣ ಬಿಸಿ ಅಲ್ಲ, ಸಾಬೂನು. ತಲೆಗೆ ಎಣ್ಣೆ ಹಚ್ಚಿಕೊಂಡ ಕೈ, ಅದರ ಮೇಲೆ ನಮ್ಮ ಕಡೆಯ ಕರಿಮಣ್ಣಿನ ಧೂಳು, ಇವೆರಡೂ ಸೇರಿ ಸ್ಟಡ್ ಮೇಲೆ ತೆಳು ಪದರ ಕಟ್ಟುತ್ತವೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸಾಬೂನಿನ ನಾಲ್ಕು ಹನಿ, ಹಳೆಯ ಹಲ್ಲುಜ್ಜುವ ಬ್ರಶ್ ಇಷ್ಟು ಸಾಕು. ಒಣಗಿಸುವುದು ನೆರಳಿನಲ್ಲಿ, ಬಟ್ಟೆಯ ಮೇಲೆ. ತಾರಸಿ ಮೇಲೆ ಬಿಸಿಲಿಗೆ ಹಾಕಿದರೆ ಬಿಳಿ, ಬೂದು ಬಣ್ಣದ ತುಣುಕುಗಳು ಕಾಲಾಂತರದಲ್ಲಿ ಹಳದಿಗಟ್ಟುತ್ತವೆ.

ಜೀಪಿನಂತೆ ಕಾಣುವುದು ಯಾಕೆ

ಟೈರಿನ ಮೇಲೆ ಬರೆದ ಅಂಕಿಯಲ್ಲಿ ಮೊದಲನೆಯದು ವ್ಯಾಸ, ಎರಡನೆಯದು ಅಗಲ, ಎರಡೂ ಮಿಲಿಮೀಟರಿನಲ್ಲಿ. ಹಾಟ್ ರಾಡ್ ಕಟ್ಟುವವರು ಅತಿ ಹೆಚ್ಚು ಬಳಸಿದ ಮೂಲ ಗಾಡಿ 1932ರ ಫೋರ್ಡ್. 221 ಘನ ಇಂಚಿನ, 65 ಅಶ್ವಶಕ್ತಿಯ ವಿ8 (ಎರಡು ಓರೆ ಸಾಲಿನಲ್ಲಿ ಎಂಟು ಸಿಲಿಂಡರು) ಇಂಜಿನ್ ಅಗ್ಗದ ಗಾಡಿಯಲ್ಲಿ ಬಂದದ್ದು ಅದರಲ್ಲೇ. ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ ಅಂತರ 106 ಇಂಚು, ಅಂದರೆ 2692 ಮಿ.ಮೀ. ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳದಲ್ಲಿ ಓಡಿಸಲು ಹುಡುಗರು ಮಡ್‌ಗಾರ್ಡು, ಬಂಪರು ಕಿತ್ತು ತೂಕ ಇಳಿಸಿದರು, ಚಾವಣಿ ಕತ್ತರಿಸಿ ತಗ್ಗಿಸಿದರು, ಹಿಂದೆ ದೊಡ್ಡ ಟೈರು, ಮುಂದೆ ಸಣ್ಣ ಟೈರು ಹಾಕಿದರು. ಹಾಟ್ ರಾಡಿನ ರೂಪ ಬಂದದ್ದು ಹೀಗೆ.

ಈಗ ಲೆಕ್ಕ. ಹಿಂದಿನ ದೊಡ್ಡ ಟೈರು ನಿಜದಲ್ಲಿ ಸುಮಾರು 29 ಇಂಚು, 737 ಮಿ.ಮೀ. ಅದನ್ನು ನಿಮ್ಮ 43.2ರಿಂದ ಭಾಗಿಸಿದರೆ 17. ಟೈರು ಆರಿಸಿದ ಕ್ಷಣದಲ್ಲೇ ನಿಮ್ಮ ಮಗ 1:17 ಅಳತೆಗೆ ಕಟ್ಟುಬಿದ್ದಿದ್ದಾನೆ. ಒಂದು ಸ್ಟಡ್‌ನಿಂದ ಇನ್ನೊಂದು ಸ್ಟಡ್‌ಗೆ 8 ಮಿ.ಮೀ. ಹಾಗಾಗಿ 2692ನ್ನು 17ರಿಂದ, ಆಮೇಲೆ 8ರಿಂದ ಭಾಗಿಸಿದರೆ 20 ಸ್ಟಡ್ ಆಗುತ್ತದೆ. ಅವನು ಇಟ್ಟದ್ದು 16. ಅದನ್ನು ತಿರುಗಿಸಿ ನಿಜದ ಅಳತೆಗೆ ತಂದರೆ 2176 ಮಿ.ಮೀ. ಹಳೆಯ ವಿಲ್ಲಿಸ್ ಜೀಪಿನ ಅಂತರ 80 ಇಂಚು, ಅಂದರೆ 2032 ಮಿ.ಮೀ. ಜೀಪಿನಂತೆ ಕಾಣುತ್ತದೆ ಅಂದಿರಲ್ಲ, ನಿಮ್ಮ ಕಣ್ಣು ಸರಿಯಾಗಿಯೇ ಹೇಳಿದೆ.

ಅಗಲದ್ದೂ ಇದೇ ಕಥೆ. ಫೋರ್ಡಿನ ಎರಡು ಟೈರುಗಳ ನಡುಗೆರೆಗಳ ಅಂತರ 56 ಇಂಚು. 1:17ಕ್ಕೆ ಇಳಿಸಿದರೆ ಸುಮಾರು 84 ಮಿ.ಮೀ., ಹತ್ತೂವರೆ ಸ್ಟಡ್. 12 ಸ್ಟಡ್ ಉದ್ದದ ಆಕ್ಸಲ್ ಹಾಕಿದ್ದಾನೆ ಅಂದುಕೊಳ್ಳೋಣ, ಈ ಗಾಲಿಗೆ ಎಲ್ಲರೂ ಹಾಕುವುದು ಅದನ್ನೇ. ನಡುವಿನಿಂದ ಆಚೀಚೆ 48 ಮಿ.ಮೀ. ಚಾಚುತ್ತದೆ. 8 ಸ್ಟಡ್ ಮೈಯ ಅರ್ಧ 32 ಮಿ.ಮೀ. ಉಳಿದದ್ದು 16, ಟೈರಿನ ಅಗಲ 22. ಗಾಲಿ ಆಕ್ಸಲ್ ಮೇಲೆ ಸರಿಯಾಗಿ ಕೂಡಬೇಕೆಂದರೆ ಮೈಗೆ ಒತ್ತಲೇಬೇಕು. ಇದು ಉಜ್ಜದೆ ಇನ್ನೇನು ಮಾಡೀತು? ಹಿಂದಿನ ಗಾಲಿ ಇರುವ ಕಡೆ ಮೈ 6 ಸ್ಟಡ್‌ಗೆ ಇಳಿಯಬೇಕು. ಆಗ ಅರ್ಧ 24, ಅದರ ಹೊರಗೆ ಒಂದು ಪೂರ್ತಿ ಬುಶ್ (ಆಕ್ಸಲ್ ಮೇಲೆ ತೂರಿಸುವ ಸಣ್ಣ ಬಳೆ) 8, ಆಮೇಲೆ 20 ಮಿ.ಮೀ. ಅಗಲದ ರಿಮ್. ರಿಮ್ಮಿನ ನಡುಗೆರೆ ಸರಿಯಾಗಿ 42ಕ್ಕೆ ಬರುತ್ತದೆ, ಎರಡೂ ಕಡೆ ಸೇರಿ 84. ಟೈರಿಗೂ ಮೈಗೂ ನಡುವೆ ಸುಮಾರು 7 ಮಿ.ಮೀ. ಬೆಳಕು ಕಾಣುತ್ತದೆ. ರಿಮ್ ಬೇರೆ ನಮೂನೆಯದಾದರೆ ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಆದೀತು.

ಬಾಗದ ಚಾಸಿ

ಪ್ಲೇಟಿನ ದಪ್ಪ 3.2 ಮಿ.ಮೀ., ಇಟ್ಟಿಗೆಯದು 9.6. ಪಟ್ಟಿಯ ದಪ್ಪ ಮೂರು ಪಟ್ಟಾದರೆ ಬಾಗದೆ ನಿಲ್ಲುವ ಶಕ್ತಿ ಲೆಕ್ಕದಲ್ಲಿ 27 ಪಟ್ಟಾಗುತ್ತದೆ. ಇಟ್ಟಿಗೆ ಒಳಗೆ ಟೊಳ್ಳಾದ್ದರಿಂದ ಪೂರ್ತಿ 27 ಸಿಗದು, ಆದರೂ ಪ್ಲೇಟಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಪ್ಲೇಟಿನ ಮೇಲೆ ಪ್ಲೇಟ್ ಏರಿಸುತ್ತ ಹೋಗುವುದರ ಬದಲು ಬದಿಯಲ್ಲಿ ತೂತಿರುವ ಟೆಕ್ನಿಕ್ ಇಟ್ಟಿಗೆಗಳಿಂದ ಎರಡು ಉದ್ದ ಪಟ್ಟಿ ಮಾಡಿ. ನಿಜವಾದ ಗಾಡಿಯ ಚಾಸಿಯೂ ಹೀಗೇ ಇರುತ್ತದೆ.

ಒಟ್ಟು ಉದ್ದ 28 ಸ್ಟಡ್ ಇರಲಿ. ಒಂದೇ ತುಣುಕಿನಲ್ಲಿ ಅಷ್ಟು ಉದ್ದ ಸಿಗುವುದಿಲ್ಲ. 16 ಸ್ಟಡ್‌ನದು ಎರಡು, 12 ಸ್ಟಡ್‌ನದು ಎರಡು ತೆಗೆದುಕೊಳ್ಳಿ. ಅಸಲಿ ತುಣುಕಿನ ಒಳಮೈಯಲ್ಲಿ ಸಣ್ಣ ಅಂಕಿ ಅಚ್ಚೊತ್ತಿರುತ್ತದೆ. ಇವು 3703 ಮತ್ತು 3895. ಎಡಪಟ್ಟಿಯಲ್ಲಿ ಮುಂದೆ 16, ಹಿಂದೆ 12. ಬಲಪಟ್ಟಿಯಲ್ಲಿ ಮುಂದೆ 12, ಹಿಂದೆ 16. ಎರಡೂ ಕಡೆಯ ಕೂಡುಗೆರೆ ಒಂದೇ ಸಾಲಿಗೆ ಬಂದರೆ ಗಾಡಿ ಅಲ್ಲೇ ಮಡಚುತ್ತದೆ, ಅದಕ್ಕೇ ಈ ಅದಲು-ಬದಲು. ಪ್ರತಿ ಕೂಡುಗೆರೆಯ ಮೇಲೂ ಕೆಳಗೂ 1 × 8 ಪ್ಲೇಟ್ ಹಾಕಿ, ಗೆರೆಯ ಆಚೆ ನಾಲ್ಕು ಸ್ಟಡ್, ಈಚೆ ನಾಲ್ಕು ಸ್ಟಡ್ ಹಿಡಿಯುವಂತೆ. ಬರೀ ಮೇಲಷ್ಟೇ ಹಾಕಿದರೆ ಭಾರ ಬಿದ್ದಾಗ ಕೆಳಗಿನ ಗೆರೆ ಬಾಯಿ ಬಿಡುತ್ತದೆ. ನೂರಕ್ಕೆ ತೊಂಬತ್ತು ಹುಡುಗರು ಬಿಡುವುದು ಇದನ್ನೇ, ಗಾಡಿ ತಿರುಗಿಸಿ ಅಡಿ ನೋಡುವವರು ಕಡಿಮೆ.

ಎರಡು ಪಟ್ಟಿಗಳ ಹೊರ ಅಗಲ 6 ಸ್ಟಡ್, ಒಳಗಿನ ಖಾಲಿ ಜಾಗ 4. ಅಡ್ಡಕ್ಕೆ 2 × 6 ಪ್ಲೇಟ್ (3795) ಆರು ಬೇಕು: ಅಡಿಯಲ್ಲಿ ಮುಂತುದಿಗೆ ಒಂದು, ಇಂಜಿನಿನ ಹಿಂದೆ ಒಂದು, ಸೀಟಿನಡಿ ಒಂದು, ಹಿಂತುದಿಗೆ ಒಂದು, ಮೇಲೆ ಹಿಂದೊಂದು, ಮುಂದೊಂದು. ಮುಂದಿನಿಂದ ಎಣಿಸಿ 3ನೇ ತೂತಿಗೆ ಮುಂದಿನ ಆಕ್ಸಲ್. ಹಿಂದಿನದಕ್ಕೆ ತೂತು ಎಣಿಸಬೇಡಿ, ಮುಂತುದಿಯಿಂದ 23 ಸ್ಟಡ್ ಅಳೆಯಿರಿ. ಎರಡು ಇಟ್ಟಿಗೆ ಕೂಡುವಲ್ಲಿ ತೂತು ಇರುವುದಿಲ್ಲ, ಎಣಿಕೆ ಅಲ್ಲಿ ಒಂದು ತಪ್ಪಿಹೋಗುತ್ತದೆ. ಒಂದು ಬದಿಗೆ ಸರಿಯಾಗಿ, ಇನ್ನೊಂದು ಬದಿಗೆ ತಪ್ಪಾಗಿ ಎಣಿಸಿದರೆ ಆಕ್ಸಲ್ ಓರೆಯಾಗಿ ಗಾಡಿ ಸುತ್ತು ಹೊಡೆಯುತ್ತದೆ.

ಹಿಂದೆ 12 ಸ್ಟಡ್ ಆಕ್ಸಲ್ (3708), ಮುಂದೆ ಸಿಕ್ಕರೆ 11ರದು. 12ರದನ್ನೇ ಮುಂದೆ ಹಾಕಿದರೆ ಸಣ್ಣ ರಿಮ್ಮಿನಿಂದ ತುದಿ ಒಂದೆರಡು ಮಿ.ಮೀ. ಹೊರಗೆ ಇಣುಕುತ್ತದೆ, ಅಷ್ಟೇ ನಷ್ಟ. ಬಿಡಿ ರಿಮ್ ಕೊಳ್ಳುವಾಗ ನಡುವಿನ ತೂತು ನೋಡಿ. ಕೂಡು ಗುರುತಿನ ಆಕಾರದ್ದು ಆಕ್ಸಲ್‌ಗೆ ಬಿಗಿಯಾಗಿ ಕೂಡುತ್ತದೆ, ದುಂಡಗಿನದು ಪಿನ್ನಿನ ಮೇಲೆ ಸಡಿಲಾಗಿ ತಿರುಗುತ್ತದೆ. 30.4 ಟೈರಿನ ಸಣ್ಣ ರಿಮ್ ಎರಡೂ ಬಗೆಯಲ್ಲಿ ಬರುತ್ತದೆ, ಬೇಕಾದದ್ದು 55982.

ಬುಶ್ ಒತ್ತುವಾಗ ಇಟ್ಟಿಗೆಗೆ ಪೂರ್ತಿ ತಾಗಿಸಿದರೆ ಗಾಲಿ ತಿರುಗುವುದಿಲ್ಲ, ಬಿಟ್ಟರೆ ಆಡುತ್ತದೆ. ಲಗ್ನಪತ್ರಿಕೆಯ ದಪ್ಪ ಕಾಗದದ ತುಂಡನ್ನು ಬುಶ್ಶಿಗೂ ಇಟ್ಟಿಗೆಗೂ ನಡುವೆ ಇಟ್ಟು ಒತ್ತಿ, ಆಮೇಲೆ ಕಾಗದ ಎಳೆದುಬಿಡಿ. ಉಳಿದ ಸಂದು ಸರಿಯಾಗಿರುತ್ತದೆ. ಗಾಡಿಯನ್ನು ಎತ್ತಿ ಗಾಲಿಗೆ ಬೆರಳಿನಿಂದ ಚಿಮ್ಮಿಸಿದರೆ ಐದಾರು ಸುತ್ತು ತಿರುಗಿ ನಿಲ್ಲಬೇಕು. ತಕ್ಷಣ ನಿಂತರೆ ಎಲ್ಲೋ ಒಂದು ಬುಶ್ ಒತ್ತುತ್ತಿದೆ.

ಹಾಟ್ ರಾಡಿನ ಮೂತಿ ಕೆಳಗೆ ಬಾಗಿ, ಬೆನ್ನು ಎತ್ತಿ ನಿಲ್ಲಬೇಕಲ್ಲ, ಅದು ನಿಮಗೆ ಪುಕ್ಕಟೆ ಸಿಗುತ್ತದೆ. ಹಿಂದಿನ ಆಕ್ಸಲ್ ನೆಲದಿಂದ 21.6 ಮಿ.ಮೀ. ಮೇಲೆ, ಮುಂದಿನದು 15.2. ವ್ಯತ್ಯಾಸ 6.4, ಕರಾರುವಾಕ್ಕಾಗಿ ಎರಡು ಪ್ಲೇಟಿನ ದಪ್ಪ. ಎರಡೂ ಆಕ್ಸಲ್ ಒಂದೇ ಪಟ್ಟಿಯ ತೂತಿನಲ್ಲಿ ಇದ್ದರೆ 160 ಮಿ.ಮೀ. ಉದ್ದಕ್ಕೆ ಸುಮಾರು 2.3 ಡಿಗ್ರಿ ಇಳಿಜಾರು ತಾನಾಗಿ ಬರುತ್ತದೆ. ಇನ್ನೂ ಬೇಕೆಂದರೆ ಮುಂದಿನ ಆಕ್ಸಲ್ ಹಿಡಿಯುವ ಇಟ್ಟಿಗೆಯನ್ನು ಪಟ್ಟಿಗಿಂತ ಒಂದು ಪ್ಲೇಟ್ ಮೇಲೆ ಕೂಡಿಸಿ, 3.4 ಡಿಗ್ರಿ ಆಗುತ್ತದೆ. ಅದಕ್ಕಿಂತ ಮುಂದೆ ಹೋದರೆ ಮುಂದಿನ ಅಡ್ಡಪ್ಲೇಟ್ ನೆಲಕ್ಕೆ ಬಹಳ ಹತ್ತಿರವಾಗುತ್ತದೆ, ಸಾಲೆಯ ಮೇಜಿನ ಬಟ್ಟೆಯ ಮಡಿಕೆಗೂ ಸಿಕ್ಕೀತು.

ಮೈಯನ್ನು ಪಟ್ಟಿಯ ಮೇಲೆ ಕೂಡಿಸುವುದೇ, ಪಟ್ಟಿಗಳ ನಡುವೆ ಇಳಿಸುವುದೇ ಎಂಬುದನ್ನು ಈ ಹಂತದಲ್ಲೇ ತೀರ್ಮಾನಿಸಿ. ನೆಲದ ಪ್ಲೇಟನ್ನು ಪಟ್ಟಿಯ ಅಡಿಗೆ ಹಚ್ಚಿದರೆ ಸೀಟು ಪಟ್ಟಿಯ ದಪ್ಪದಷ್ಟು, ನಿಜದ ಲೆಕ್ಕದಲ್ಲಿ ಆರು ಇಂಚಿಗೂ ಮಿಕ್ಕಿ, ಕೆಳಗಿಳಿಯುತ್ತದೆ. ನೋಟ ಚೆನ್ನ. ಆದರೆ ಸೀಟು 21ನೇ ಸ್ಟಡ್‌ಗೆ ಮುಗಿಯಬೇಕು. ಇಲ್ಲದಿದ್ದರೆ ಅದರ ಬೆನ್ನು ತಿರುಗುವ ಆಕ್ಸಲ್‌ಗೆ ತಾಗುತ್ತದೆ. ಮೊದಲ ಸಲಕ್ಕೆ ಮೇಲೆ ಕೂಡಿಸುವುದೇ ಸುಲಭ.

ಇಂಜಿನ್

ಕೈಯಲ್ಲಿ ಬರುವ ಇಂಜಿನ್ ಸಾಮಾನ್ಯವಾಗಿ ಎರಡೇ ಸ್ಟಡ್ ಮೇಲೆ ನಿಂತಿರುತ್ತದೆ. ಗಾಡಿ ಎತ್ತುವಾಗ ಎಲ್ಲರ ಕೈಯೂ ಇಂಜಿನಿಗೇ ಹೋಗುವುದು, ಹಿಡಿಯಲು ಅನುಕೂಲ ನೋಡಿ. ಸ್ಟಡ್ ಮೇಲೆಳೆತಕ್ಕೆ ಬಿಡುತ್ತದೆ, ಅಡ್ಡ ಪಿನ್ ಬಿಡುವುದಿಲ್ಲ. ಪಟ್ಟಿಗಳ ಒಳಬದಿಗೆ ಒಂದೊಂದು 1 × 4 ಟೆಕ್ನಿಕ್ ಇಟ್ಟಿಗೆ (3701) ಒತ್ತಿಟ್ಟು, ಪ್ರತಿ ಬದಿಗೆ ಎರಡು ಕರಿ ಪಿನ್ (2780) ತೂರಿಸಿ. ಆ ಎರಡು ಇಟ್ಟಿಗೆಗಳ ಮೇಲೆ ಅಡ್ಡ ಪ್ಲೇಟ್ ಹಾಕಿ ಇಂಜಿನ್ ಕಟ್ಟಿದರೆ ಗಾಡಿಯನ್ನು ಇಂಜಿನ್ ಹಿಡಿದೇ ಎತ್ತಬಹುದು.

1:17ಕ್ಕೆ ಇಂಜಿನಿನ ಉದ್ದ ನಾಲ್ಕು ಸ್ಟಡ್ ಸಾಕು. ವಿ8ರ ಎರಡು ಸಾಲುಗಳ ನಡುವಿನ ಕೋನ 90 ಡಿಗ್ರಿ, ಅಂದರೆ ಪ್ರತಿ ಸಾಲು 45 ಡಿಗ್ರಿ ಹೊರಳಬೇಕು. ಕಟಕಟ ಸದ್ದು ಮಾಡುವ ಹಿಂಜ್ ಪ್ಲೇಟ್ ಒಂದು ಕಟಕ್‌ಗೆ 22.5 ಡಿಗ್ರಿ ತಿರುಗುತ್ತದೆ; ಎರಡು ಕಟಕ್‌ಗೆ ಸರಿಯಾಗಿ 45. ಪ್ರತಿ ಸಾಲಿಗೆ ಎರಡು ಹಿಂಜ್ ಬೇಕು, ಒಂದರಲ್ಲಿ ನಿಲ್ಲಿಸಿದರೆ ತುದಿ ಜೋತುಬೀಳುತ್ತದೆ.

ಹೊಗೆಕೊಳವೆ ಎಷ್ಟು ಎಂಬುದರಲ್ಲಿ ತಿಳಿದವರ ಕಣ್ಣು ಮೊದಲು ನೆಡುವುದು. 1932ರ ಫೋರ್ಡಿನ ಹಳೆಯ ಫ್ಲಾಟ್‌ಹೆಡ್ ಇಂಜಿನಿಗೆ ಒಂದೊಂದು ಬದಿಗೆ ಮೂರೇ ಕಿಂಡಿ, ಏಕೆಂದರೆ ನಡುವಿನ ಎರಡು ಸಿಲಿಂಡರುಗಳ ಹೊಗೆ ಒಂದೇ ಕಿಂಡಿಯಿಂದ ಹೊರಬೀಳುತ್ತದೆ. 1955ರಿಂದ ಬಂದ ಷೆವ್ರೊಲೆ ವಿ8 ಹಾಕಿದ ಗಾಡಿಯಾದರೆ ಬದಿಗೆ ನಾಲ್ಕು. ಮೂರು ಹಾಕಿದರೂ ಸರಿ, ನಾಲ್ಕು ಹಾಕಿದರೂ ಸರಿ. ಯಾವ ಇಂಜಿನ್ ಎಂದು ಯಾರಾದರೂ ಕೇಳಿದರೆ ಹುಡುಗನ ಬಾಯಲ್ಲಿ ಉತ್ತರ ಇರಲಿ. ವಸ್ತುಪ್ರದರ್ಶನದಲ್ಲಿ ಅಂಕ ಬರುವುದು ಅಲ್ಲೇ.

ಮೂತಿಯ ಜಾಳಿಗೆ ಪ್ಲೇಟನ್ನು ಎರಡು ಸ್ಟಡ್‌ಗಳ ನಡುವೆ ನೆಟ್ಟಗೆ ತುರುಕುವ ಚಾಳಿ ಹಲವರಿಗಿದೆ. ಸ್ಟಡ್‌ಗಳ ನಡುವಿನ ಸಂದೂ 3.2, ಪ್ಲೇಟಿನ ದಪ್ಪವೂ 3.2, ಲೆಕ್ಕಕ್ಕೆ ಕೂಡಬೇಕು. ಕೂಡುತ್ತದೆ ಕೂಡ, ಆದರೆ ಕಿಂಚಿತ್ತೂ ಆಸ್ಪದವಿಲ್ಲದೆ ಬಿಗಿದುಕೊಂಡು. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಒತ್ತಡಕ್ಕೆ ಬಿರುಕು ಬಿಡಬಹುದು. ಬದಿಗೆ ಸ್ಟಡ್ ಇರುವ ಬ್ರಾಕೆಟ್ ಹಾಕಿ, ಅದಕ್ಕೆ ಗೆರೆಗೆರೆಯ ಗ್ರಿಲ್ ಟೈಲ್ (2412) ನೆಟ್ಟಗೆ ನಿಲ್ಲಿಸಿ ಹಚ್ಚಿ. ಬದಿಗೆ ಹೊರಳಿಸಿ ಕಟ್ಟುವಾಗ ನೆನಪಿಡಬೇಕಾದದ್ದು ಒಂದೇ ಲೆಕ್ಕ: ಐದು ಪ್ಲೇಟಿನ ದಪ್ಪ 16 ಮಿ.ಮೀ., ಎರಡು ಸ್ಟಡ್‌ನ ಅಗಲವೂ 16. ಬಾನೆಟ್ಟಿನ ಬದಿ, ಬಾಗಿಲು, ಜಾಳಿಗೆ ಎಲ್ಲವೂ ಈ ಲೆಕ್ಕದ ಮೇಲೇ ನಿಲ್ಲುತ್ತವೆ.

ಚಾವಣಿ ತಗ್ಗಿಸುವಾಗ ಕಂಬಗಳಿಂದ ಒಂದು ಪ್ಲೇಟ್ ತೆಗೆದರೆ ನಿಜದ ಅಳತೆಯಲ್ಲಿ ಎರಡು ಇಂಚು ಚಿಲ್ಲರೆ, ಎರಡು ಪ್ಲೇಟಿಗೆ ನಾಲ್ಕು ಇಂಚಿನ ಮೇಲೆ. ಎರಡು ಸಾಕು.

ಡೂಪ್ಲಿಕೇಟ್ ಒಗೆಯಬೇಕೇ

ಬೇಡ. ಮೊದಲು ಅಳೆಯಿರಿ. ಹತ್ತು ಡೂಪ್ಲಿಕೇಟ್ ಪ್ಲೇಟುಗಳನ್ನು ಒಂದರ ಮೇಲೊಂದು ಒತ್ತಿ ಪಕ್ಕದಲ್ಲಿ ಹತ್ತು ಅಸಲಿ ನಿಲ್ಲಿಸಿ; ಅಸಲಿಯದು ಮೇಲಿನ ಸ್ಟಡ್ ಬಿಟ್ಟು 32 ಮಿ.ಮೀ. ಇರುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೆ ಆ ಪ್ಯಾಕೆಟ್ ಒಳ್ಳೆಯದು. ಅರ್ಧ ಮಿ.ಮೀ. ಏರುಪೇರು ಬಂದರೆ ಅದೇ ವ್ಯತ್ಯಾಸ ಬಾನೆಟ್ಟಿನ ಬದಿಯಲ್ಲಿ, ಬಾಗಿಲ ಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಉದ್ದಕ್ಕೂ ಒಮ್ಮೆ ನೋಡಿ: 2 × 4 ಇಟ್ಟಿಗೆ 31.8 ಮಿ.ಮೀ. ಇರಬೇಕು, ಪಕ್ಕದ ಇಟ್ಟಿಗೆಗೆ ಜಾಗ ಬಿಡಲು 32ಕ್ಕೆ ಕೂದಲೆಳೆಯಷ್ಟು ಕಡಿಮೆ. ಸಾಲೆಯ ಭೌತಶಾಸ್ತ್ರದ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇರುತ್ತದೆ, ಮಾಸ್ತರರನ್ನು ಕೇಳಿದರೆ ಹುಡುಗನೇ ಅಳೆದಾನು.

ಅಳತೆ ಮೀರಿದ ಸ್ಟಡ್‌ನ ಅಪಾಯ ಸಡಿಲಿಗಿಂತ ಹೆಚ್ಚು. ಅದರ ಮೇಲೆ ಕೂಡಿಸಿದ ಅಸಲಿ ಇಟ್ಟಿಗೆಯ ಗೋಡೆ ಹಿಗ್ಗಿ, ಮೂಲೆಯಲ್ಲಿ ಕೂದಲು ಬಿರುಕು ಬಿಡುತ್ತದೆ. ಆಮೇಲೆ ಆ ಅಸಲಿಯೂ ಎಲ್ಲೂ ಹಿಡಿಯುವುದಿಲ್ಲ. ಹಾಗಾಗಿ ಭಾರ ಹೊರುವ ಕಡೆ, ಅಂದರೆ ಉದ್ದ ಪಟ್ಟಿ, ಅಡ್ಡಪ್ಲೇಟ್, ಆಕ್ಸಲ್, ಪಿನ್, ಹಿಂಜ್ ಇಷ್ಟಕ್ಕೆ ಅಸಲಿ. ಸೀಟು, ಮೈಯ ಒಳತುಂಬು, ಇಂಜಿನಿನ ಮೇಲಿನ ಅಲಂಕಾರ ಇವಕ್ಕೆ ಡೂಪ್ಲಿಕೇಟ್. ಹೊರಮೈಯ ಒಂದು ಬದಿ ಪೂರ್ತಿ ಒಂದೇ ಜಾತಿಯದಿರಲಿ. ಎರಡು ಕಂಪನಿಯ ಕೆಂಪು ಎಂದೂ ಒಂದೇ ಕೆಂಪಲ್ಲ, ಟ್ಯೂಬ್‌ಲೈಟಿನಡಿ ಅಂತೂ ಎದ್ದು ಕಾಣುತ್ತದೆ.

ಹೊಸದಾಗಿ ಕೊಳ್ಳುವಾಗ ಪ್ಯಾಕೆಟ್ ಮೇಲೆ ಐ.ಎಸ್.ಐ. ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ತೂಕದ ಲೆಕ್ಕದಲ್ಲಿ, ಪೊಟ್ಟಣ ಕಟ್ಟಿ ಕೊಡುವ ಬಿಡಿ ಬ್ಲಾಕ್ಸ್‌ಗೆ ಗುರುತೇ ಇರುವುದಿಲ್ಲ. ಮೂಗಿಗೆ ಹಿಡಿದರೆ ಸೀಮೆಎಣ್ಣೆಯಂಥ ವಾಸನೆ ಬಂದರೆ ಅಲ್ಲೇ ಬಿಟ್ಟುಬನ್ನಿ. ಅಸಲಿ ಇಷ್ಟು ದುಬಾರಿಯಾಗಲು ಆಮದು ಸುಂಕವೂ ಒಂದು ಕಾರಣ: 2020ರಲ್ಲಿ 20ರಿಂದ 60 ಶೇಕಡಾಕ್ಕೆ, 2023ರಲ್ಲಿ 70ಕ್ಕೆ ಏರಿತು. ಅದಕ್ಕಾಗಿಯೇ ದೊಡ್ಡ ಸೆಟ್ ತರಬೇಡಿ ಅನ್ನುವುದು. ಮೇಲೆ ಕೊಟ್ಟ ಅಂಕಿ ಹೇಳಿ ಬಿಡಿ ತುಣುಕೇ ತರಿಸಿ. ಚಾಸಿಗೆ ಬೇಕಾದದ್ದು ನಾಲ್ಕು ಟೆಕ್ನಿಕ್ ಇಟ್ಟಿಗೆ, ಹತ್ತು ಪ್ಲೇಟ್, ಎರಡು ಆಕ್ಸಲ್, ನಾಲ್ಕು ಬುಶ್, ಅಷ್ಟೇ. ತರಿಸುವ ಮುಂಚೆ ಬಿಡಿ ತುಣುಕು ಮಾರುವ ಜಾಲತಾಣ ಬ್ರಿಕ್‌ಲಿಂಕ್‌ನ ಸ್ಟುಡಿಯೊ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಒಮ್ಮೆ ಕಟ್ಟಿ ನೋಡಲಿ. ಒಂದರೊಳಗೊಂದು ನುಗ್ಗುವ ತುಣುಕುಗಳನ್ನು ಅದು ತೋರಿಸಿಕೊಡುತ್ತದೆ, ತುಣುಕುಗಳ ಪಟ್ಟಿಯನ್ನೂ ಕೊಡುತ್ತದೆ. ಕಂಪ್ಯೂಟರ್ ಇಲ್ಲದಿದ್ದರೆ ಚೌಕಳಿ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದು ಸ್ಟಡ್ ಎಂದು ಬರೆದರೂ ಸಾಕು.

ಬೆಂಕಿಜ್ವಾಲೆಯ ಚಿತ್ರಕ್ಕೆ ಪೇಂಟ್ ಬೇಡ. ನಂಬರ್ ಪ್ಲೇಟ್ ಬರೆಯುವ ರೇಡಿಯಂ ಕಟಿಂಗ್ ಅಂಗಡಿಯವರಿಗೆ ಚಿತ್ರ ಕೊಟ್ಟರೆ ಬೇಕಾದ ಅಳತೆಗೆ ಸ್ಟಿಕರ್ ಕತ್ತರಿಸಿಕೊಡುತ್ತಾರೆ. ಮೈಗೆ ಅಂಟಿಸಿದ ಮೇಲೆ ಎರಡು ಇಟ್ಟಿಗೆ ಕೂಡುವ ಗೆರೆಗುಂಟ ಹೊಸ ಬ್ಲೇಡಿನಿಂದ ಹಗುರವಾಗಿ ಒಮ್ಮೆ ಎಳೆಯಿರಿ. ಗೆರೆ ದಾಟಿ ಅಂಟಿದ ಸ್ಟಿಕರ್ ಮೊದಲ ಸಲ ಬಿಚ್ಚಿದಾಗಲೇ ಸುರುಳಿ ಏಳುತ್ತದೆ.

ಮೋಟಾರ್

ಹಚ್ಚಬಹುದು, ಆದರೆ ಈ ಪ್ರದರ್ಶನಕ್ಕೆ ಬೇಡ ಎಂದೇ ನನ್ನ ಸಲಹೆ. ನಾಲ್ಕು ಎಎ ಅಲ್ಕಲೈನ್ ಸೆಲ್ಲುಗಳ ತೂಕವೇ ಸುಮಾರು 90 ಗ್ರಾಂ. ಅವನ್ನು ಇಡಲು ಜಾಗ ಇರುವುದು ಸೀಟಿನಡಿ ಮಾತ್ರ, ಅಂದರೆ ಚಾಸಿಯ ಸರಿಯಾಗಿ ನಡುವೆ, ಬಾಗುವ ಜಾಗದಲ್ಲೇ. ಜೊತೆಗೆ ಒಂದೇ ಆಕ್ಸಲ್ ಮೇಲೆ ಎರಡು ಗಾಲಿ ಬಿಗಿದಿರುವಾಗ ಗಾಡಿ ತಿರುವಿನಲ್ಲಿ ಟೈರು ಎಳೆಯುತ್ತದೆ. ನೇರ ಓಡಿಸಲು ಮಾತ್ರ ಸರಿ.

ಹಟ ಹಿಡಿದರೆ ಎರಡು ದಾರಿ. ಲೆಗೊದ್ದೇ ಮೋಟಾರ್: ಆಕ್ಸಲ್‌ಗೆ ನೇರ ಕೂಡುತ್ತದೆ, ಗಿಯರ್ ಹಾಕುವುದು ಸುಲಭ, ಬೆಲೆ ಮಾತ್ರ ಕಾರಿಗಿಂತ ಹೆಚ್ಚಾದೀತು. ಇಲ್ಲವೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಹಳದಿ ಬಿ.ಒ. (ಬ್ಯಾಟರಿಯಿಂದ ಓಡುವ) ಮೋಟಾರ್: ಅಗ್ಗ, 3ರಿಂದ 6 ವೋಲ್ಟಿಗೆ ಓಡುತ್ತದೆ, ಆದರೆ ಅದರ ದಂಡ ಲೆಗೊ ಆಕ್ಸಲ್‌ಗೆ ಹೊಂದುವುದಿಲ್ಲ, ನಡುವೆ ಜೋಡಣೆಯ ತುಂಡು ಮಾಡಿಸಿಕೊಳ್ಳಬೇಕು. ಅದು ಸ್ವಲ್ಪ ಓರೆಯಾದರೂ ಹಿಂದಿನ ಗಾಲಿ ಕುಂಟುತ್ತದೆ. ವೇಗ ಬಹಳ ಬೇಕಿಲ್ಲ: 43.2 ಟೈರು ಒಂದು ಸುತ್ತಿಗೆ 13.6 ಸೆಂ.ಮೀ. ಹೋಗುತ್ತದೆ, ನಿಮಿಷಕ್ಕೆ 100 ಸುತ್ತಿನ ಮೋಟಾರಾದರೆ ಸೆಕೆಂಡಿಗೆ ಸುಮಾರು 23 ಸೆಂ.ಮೀ. ಮೇಜಿನ ಮೇಲೆ ತೋರಿಸಲು ಅಷ್ಟೇ ಜಾಸ್ತಿ, ತುದಿಗೆ ಒಂದು ಅಡ್ಡಪಟ್ಟಿ ಇಟ್ಟಿರಬೇಕು.

ಸಾಲೆಗೆ ಒಯ್ಯುವಾಗ ಗಾಲಿಯ ಮೇಲೆ ನಿಲ್ಲಿಸಿ ಒಯ್ಯಬೇಡಿ. ರಟ್ಟಿನ ಡಬ್ಬಿಯಲ್ಲಿ ಚಾಸಿಯ ಅಡಿಗೆ ಎರಡು ಸ್ಪಂಜಿನ ತುಂಡು ಇಟ್ಟು ಗಾಲಿಗಳು ತಳಕ್ಕೆ ತಾಗದಂತೆ ಮಾಡಿ; ರಸ್ತೆಯ ಕುಲುಕು ಆಕ್ಸಲ್‌ಗೆ ಹೋಗುವುದಿಲ್ಲ. ಚಾವಣಿಯನ್ನು ಬಿಚ್ಚಿ ಬೇರೆ ಕಟ್ಟಿ, ಅಲ್ಲೇ ಹೋಗಿ ಕೂಡಿಸಲಿ. ಕಾರಿನಲ್ಲಿ ಹೋಗುವುದಾದರೆ ಡಬ್ಬಿಯನ್ನು ಹಿಂಗಾಜಿನಡಿ ಬಿಸಿಲಿಗೆ ಬಿಟ್ಟು ಇಳಿಯಬೇಡಿ. ಮುಚ್ಚಿದ ಕಾರಿನೊಳಗೆ ಗಾಜಿನ ಹತ್ತಿರ 60-70 ಡಿಗ್ರಿ ಏರುವುದು ನಮ್ಮ ಬೇಸಿಗೆಯಲ್ಲಿ ದೊಡ್ಡದಲ್ಲ. ಎಬಿಎಸ್ ಕರಗದಿದ್ದರೂ ಬಿಗಿದು ನಿಂತ ಹಿಂಜ್, ಕ್ಲಿಪ್‌ಗಳ ಹಿಡಿತ ಸಡಿಲಾಗುತ್ತದೆ. ಜೇಬಿನಲ್ಲಿ ನಾಲ್ಕು ಹೆಚ್ಚಿನ ಪಿನ್, ಎರಡು ಬುಶ್ ಇರಲಿ. ಪ್ರದರ್ಶನದಲ್ಲಿ ಮುಟ್ಟಬೇಡಿ ಎಂದು ಬರೆದ ಚೀಟಿ ಓದಿಯೇ ಮುಟ್ಟುವವರು ಬಹಳ ಮಂದಿ.